ಚಿಪ್ಪಿನೆಣ್ಣೆಯ ಗುರುತು

ಸಿಡುಬಿನ ಭಯ ಇನ್ನೂ ಹೋಗಿರದ ಕಾಲ. ಆ ವರ್ಷ ನಮ್ಮ ಆಸ್ಪತ್ರೆಗೆ ಹೊಸ ಆರ್ಡರು ಬಂತು: ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ವರ್ಷಕ್ಕೊಮ್ಮೆ ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕಿಸಿಕೊಂಡು, ತೋಳಿನ ಗಾಯ ತೋರಿಸಬೇಕು. ಹಾಕುವವಳು ನಾನು, ನರ್ಸು. ಊರಿನವರಿಗಿಂತ ನಮ್ಮ ಸಿಬ್ಬಂದಿಯದೇ ಹೆಚ್ಚು ಗೋಳು. ಬೈದು ಬೈದು ನನ್ನ ಗಂಟಲು ಹರಿದುಹೋಯಿತು.

ಬಿಡುವಿನಲ್ಲಿ ಕೊಬ್ಬರಿ ಮಂಡಿಗೆ ಕೂಲಿಗೆ ಹೋಗುತ್ತಿದ್ದ ಆಯಾ ಚಿಕ್ಕಗೌರಮ್ಮ ಮಾತ್ರ ಗೋಳಾಡಲಿಲ್ಲ. ತವರಿಗೆ ಹೋದಾಗ ಚಿಕ್ಕನಾಯಕನಹಳ್ಳಿಯಲ್ಲೇ ಹಾಕಿಸಿಕೊಂಡೆ ಅಂತ ಸೆರಗು ಸರಿಸಿ ತೋಳು ತೋರಿಸಿದಳು. ಬೊಬ್ಬೆ ಎದ್ದು ಕಪ್ಪಗೆ ಹಕ್ಕಳೆಗಟ್ಟಿದ ಗಾಯ. ಸದ್ಯ, ಒಬ್ಬಳಿಗಾದರೂ ಬುದ್ಧಿ ಇದೆಯಲ್ಲ ಅಂದುಕೊಂಡೆ.

ಅದೇ ತಿಂಗಳು ಹುಳಿಯಾರಿನ ಕಡೆಯ ಕುರಿಗಾಹಿಯೊಬ್ಬನನ್ನು ಸಿಡುಬಾಗಿದೆಯೆಂದು ತಂದು ಹಿತ್ತಿಲ ಶೆಡ್ಡಿನಲ್ಲಿ ಮಲಗಿಸಿದರು. ಗಾಯ ತೋರಿಸಿದವಳಾದ್ದರಿಂದ ಅವನಿಗೆ ಗಂಜಿ ಕುಡಿಸುವ ಕೆಲಸ ಗೌರಮ್ಮನಿಗೆ ಬಿತ್ತು. ಅವನು ಬದುಕಿಕೊಂಡ. ಆಮೇಲೆ ಅವಳಿಗೂ ಮೈ ಬಿಸಿಯಾಗಿ ಮುಖದ ಮೇಲೆ ನಾಲ್ಕಾರು ಗುಳ್ಳೆ ಎದ್ದವು. ಸೆಕೆಗೆ ಅಂದಳು. ಗಾಯ ಕಣ್ಣಾರೆ ಕಂಡಿದ್ದ ನಾವು ನಂಬಿದೆವು. ಹೆರಿಗೆ ಕೋಣೆಯಲ್ಲಿದ್ದ ಬಾಣಂತಿ ಲಕ್ಷ್ಮಕ್ಕನ ಗಂಡುಕೂಸಿಗೆ ದಿನಾ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದವಳೂ ಅವಳೇ.

ಕೂಸು ಹಾಲು ಬಿಟ್ಟಿತು. ಎಳೆ ಮೈಯೆಲ್ಲ ಗುಳ್ಳೆ. ಅತ್ತು ಅತ್ತು ಒಂದು ಬೆಳಿಗ್ಗೆ ಸುಮ್ಮನಾಯಿತು. ಅದನ್ನು ಬಟ್ಟೆಯಲ್ಲಿ ಸುತ್ತುವಾಗ ಗೌರಮ್ಮ ತೋಳು ತೋರಿಸುತ್ತಾ ನನ್ನ ಮುಂದೆ ಬಂದು ನಿಂತಳು.

"ಇದು ದಾಕಲ್ಲ ಕಣ್ರೀ ನರ್ಸಮ್ಮ. ಚಿಪ್ಪಿನೆಣ್ಣೆ. ದಾಕಿಂದ ಕೈ ಊದ್ಕೊಂಡ್ರೆ ಮಂಡೀಲಿ ಕೊಬ್ರಿ ಬಿಡ್ಸೋಕಾಗಲ್ಲ ಅಂತ ಸುಟ್ಕೊಂಡೆ."

ಹುಳುಕಡ್ಡಿಗೆ ಹಚ್ಚಲು ತೆಂಗಿನ ಚಿಪ್ಪು ಸುಟ್ಟು ಇಳಿಸುವ ಆ ಕರಿ ಎಣ್ಣೆ ನಮ್ಮ ಕಡೆ ಯಾರ ಮನೆಯಲ್ಲಿಲ್ಲ? ಎರಡು ತೊಟ್ಟು ಬಿದ್ದರೆ ಚರ್ಮ ಬೇಯುತ್ತದೆ. ಕೆನ್ನೆಗೆ ಬಾರಿಸಲು ಕೈ ಎತ್ತಿದೆ. ಅವಳು ಮುಖ ತಪ್ಪಿಸಲಿಲ್ಲ. ಎತ್ತಿದ ಕೈ ತಾನಾಗಿ ಇಳಿಯಿತು. ಅವಳಿಗೆ ಎದ್ದದ್ದೂ ಸಿಡುಬೇ; ಚಿಕ್ಕಂದಿನಲ್ಲಿ ಹಾಕಿಸಿಕೊಂಡ ದಾಕು ಅವಳನ್ನು ಉಳಿಸಿತ್ತು. ಕೂಸಿಗೆ ಅದೂ ಇರಲಿಲ್ಲ.

ಅಲ್ಲಿಂದ ಪ್ರತಿ ವರ್ಷ ಸಾಲಿನಲ್ಲಿ ಮೊದಲು ನಿಲ್ಲುವವಳು ಅವಳೇ. ಸುಟ್ಟ ಗುರುತಿನ ಮೇಲೇ ಹಾಕಿ ಅನ್ನುತ್ತಿದ್ದಳು. ಸಿಡುಬು ಹೋಯಿತು, ದಾಕು ಹಾಕುವುದೂ ನಿಂತಿತು, ಅವಳು ಬರುವುದು ನಿಲ್ಲಲಿಲ್ಲ. ಹೆರಿಗೆ ಕೋಣೆಯಲ್ಲಿ ಕೂಸು ಅಳುತ್ತದಂತೆ, ದಾಕು ಹಾಕಿದರೆ ಒಂದಷ್ಟು ದಿನ ಸುಮ್ಮನಿರುತ್ತದಂತೆ. ನಿನಗೆ ತಲೆ ಕೆಟ್ಟಿದೆ, ನನಗೇಕೆ ಕೇಳಿಸುವುದಿಲ್ಲ ಅಂತ ಗದರುತ್ತಲೇ, ಬರೀ ಕಾಯಿಸಿ ಆರಿಸಿದ ನೀರಿನಲ್ಲಿ ಸೂಜಿ ಅದ್ದಿ ಚುಚ್ಚಿ ಕಳಿಸುತ್ತಿದ್ದೆ.

ಈ ಸಲವೂ ಬಂದಳು. ಕೂದಲು ನರೆತಿದೆ, ತೋಳಿನಲ್ಲಿ ಚುಚ್ಚಲು ಜಾಗವಿಲ್ಲ. ವಾರದಿಂದ ಒಂದು ಹೆರಿಗೆಯೂ ಆಗಿರಲಿಲ್ಲ, ಹೆರಿಗೆ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ನಾನು ಸೂಜಿ ಕೈಗೆ ತೆಗೆದುಕೊಂಡಾಗ ಆ ಬಾಗಿಲ ಹಿಂದಿನಿಂದ ಸಣ್ಣ ಅಳು ಬಂತು, ಹಾಲು ಬಿಟ್ಟ ಕೂಸಿನ ಸೋತ ಅಳು.

"ಇವತ್ತಾದ್ರೂ ಕೇಳುಸ್ತಾ ನರ್ಸಮ್ಮ?"

"ಕೇಳುಸ್ತು ಕಣೇ ಗೌರಮ್ಮ."

ಅವಳು ಅಳತೊಡಗಿದಳು. ಸಮಾಧಾನಕ್ಕೆ ಅಂದೆ ಅಂದುಕೊಂಡಳೋ ಏನೋ. ಅವಳಿಗೆ ಚುಚ್ಚಿದೆ. ಒಳಗಿನ ಅಳು ನಿಲ್ಲಲಿಲ್ಲ. ಆ ಸುಟ್ಟ ಗಾಯವನ್ನು ದಾಕೆಂದು ಒಪ್ಪಿದವಳು ನಾನಲ್ಲವೇ. ಇನ್ನೊಂದು ಸೂಜಿ ನೀರಿನಲ್ಲಿ ಅದ್ದಿ ಅವಳ ಕೈಗೆ ಕೊಟ್ಟು, ರವಿಕೆಯ ತೋಳಂಚು ಮೇಲೆ ಸರಿಸಿ ನನ್ನ ತೋಳು ಅವಳ ಮುಂದೆ ಹಿಡಿದೆ.