ನಿಲ್ಲಬಾರದ ಸೇತುವೆ

"ನಾಲಿಗೆಗೆ ಜೇನು ಸವರ್ಕೊಂಡವಳೇ, ನನ್ನ ಮಾರಿ ಹಂದಿತೊಡೆ ತಿಂದವಳೇ!"

ಯೂಲಾನ್ ರಾಗವೆತ್ತಿ ಅಳುತ್ತಿದ್ದಳು. ಹಂದಿತೊಡೆ ಕಾಣಿಕೆ ಪಡೆದು ಮದುವೆ ಕುದುರಿಸಿದ ಊರಿನ ಪೆಂಗ್ ಅತ್ತೆ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಖುಷಿಯಿಂದ ಬೈಸಿಕೊಳ್ಳುತ್ತಿದ್ದಳು. ನಮ್ಮ ತುಜಿಯಾ ಬುಡಕಟ್ಟಿನ ಹುಡುಗಿಯರು ಗಂಡನ ಮನೆಗೆ ಹೊರಟಾಗ ಪದ ಕಟ್ಟಿ ಅಳಲೇಬೇಕು, ಮದುವೆ ಕುದುರಿಸಿದವಳಿಗೆ ಹಿಡಿಶಾಪ ಹಾಕಲೇಬೇಕು. ಅಳದೆ ಹೋದವಳನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ.

"ಈಗಿನ ಹುಡ್ಗೀರು ಮೊಬೈಲಲ್ಲಿ ಪದ ನೋಡ್ಕೊಂಡು ಅಳ್ತಾವೆ. ಇವಳದ್ದು ನೋಡು, ಅಳು ಅಂದ್ರೆ ಇದು! ಬೈಯವ್ವಾ, ಇನ್ನೂ ಬೈ!" ಎಂದು ಪೆಂಗ್ ಅತ್ತೆ ಹುರಿದುಂಬಿಸಿದಳು.

"ಅಂಗಡಿ ಹಿಂದೆ ಕೈ ತಿರುಚ್ದ, ಕೂಗಿದ್ರೆ ಮುರೀತೀನಂದ, ಅಂಥವನ ಹುಡುಕಿ ತಂದವಳೇ!"

ಸೋಮವಾರ ಮದುವೆ ಫೋಟೋ ತೆಗೆಸಲು ಅಂಗಡಿಗೆ ಬಂದ ಗಂಡು ಮಾಡಿದ್ದು ಅದನ್ನೇ. ಮೂರು ದಿನದಿಂದ ಅವಳು ಅದನ್ನೇ ಹಾಡುತ್ತಿದ್ದಳು. ಸುತ್ತ ಕುಳಿತ ಹೆಂಗಸರು ಕಣ್ಣೊರೆಸಿಕೊಂಡು ಭೇಷ್ ಎಂದಿದ್ದರು. ಮಗಳು ಹೊಸ ಪದ ಕಟ್ಟಿದ್ದಾಳೆಂದು ತಾಯಿಯೂ ಬೀಗಿದ್ದಳು.

ಕಾರು ಹೆದ್ದಾರಿಯ ಸೇತುವೆಗೆ ಬಂತು. ಕೆಳಗೆ ಕಮರಿಯ ತುಂಬ ಮೋಡ, ಹೊಳೆ ಕಾಣುತ್ತಿರಲಿಲ್ಲ. ತಾಯಿಯ ಕಾಲದಲ್ಲಿ ಪಲ್ಲಕ್ಕಿ ಈ ಕಮರಿ ಇಳಿದು ಹತ್ತಲು ಒಂದಿಡೀ ದಿನ ಹಿಡಿಯುತ್ತಿತ್ತು. ಈಗ ಎರಡೇ ನಿಮಿಷ. ಎಲ್ಲರಿಗೂ ಅನುಕೂಲವಾಯಿತು, ಮನಸ್ಸು ಬದಲಿಸುವವಳೊಬ್ಬಳನ್ನು ಬಿಟ್ಟು.

ಯೂಲಾನ್ ರಾಗ ಬಿಟ್ಟಳು. "ಕಾರು ನಿಲ್ಸಿ. ನಾನು ಬರಲ್ಲ."

"ಇಲ್ಲಿ ನಿಲ್ಸಂಗಿಲ್ಲ ಅತ್ತಿಗೆ, ಕ್ಯಾಮೆರಾ ಐತೆ," ಗಂಡಿನ ಕಡೆಯ ಡ್ರೈವರ್ ನಕ್ಕ. "ತಿರುಗಿಸ್ಬೇಕಂದ್ರೂ ಇನ್ನೂ ಹದಿನೆಂಟು ಕಿಲೋಮೀಟರ್ ಹೋಗ್ಬೇಕು."

ಪೆಂಗ್ ಅತ್ತೆ ತೊಡೆ ತಟ್ಟಿಕೊಂಡು ನಕ್ಕಳು.

ಯೂಲಾನ್ ಪಕ್ಕದಲ್ಲಿದ್ದ ಅಣ್ಣ ಚಾಂಗ್‌ಶುನ್‌ನ ಕಡೆ ತಿರುಗಿದಳು. ಬೆಳಿಗ್ಗೆ ಹೊಸಿಲಿನಿಂದ ಕಾರಿನವರೆಗೆ ಪದ್ಧತಿಯಂತೆ ಅವಳನ್ನು ಬೆನ್ನ ಮೇಲೆ ಹೊತ್ತು ತಂದವನು ಅವನೇ. "ಅಣ್ಣಾ, ಇದು ಹಾಡಲ್ಲ," ಎಂದು ಮೆಲ್ಲಗೆ ಹೇಳಿದಳು.

ಚಾಂಗ್‌ಶುನ್ ಅವಳ ಮುಖ ನೋಡಿದ. ಅವಳ ಕೆಂಪು ಅಂಗಿಯ ತೋಳಿನ ಗುಂಡಿ ಬಿಚ್ಚಿ ಮೇಲೆ ಸರಿಸಿದ. ಮಣಿಕಟ್ಟಿನ ಸುತ್ತ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿ, ಅಂಚಿನಲ್ಲಿ ಹಸಿರಾಗಿತ್ತು. ಅವನು ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ಕೊನೆಗೂ ಒಬ್ಬರು ನೋಡಿದರಲ್ಲ ಎಂದು ಯೂಲಾನ್‌ಗೆ ಹೋದ ಜೀವ ಬಂದಂತಾಯಿತು.

ಅವನು ಮುಂದೆ ನೋಡಿದ. ಹೂವು ಹೊತ್ತ ಗಂಡಿನ ಕಾರು ಓಡುತ್ತಿತ್ತು. ಹಿಂದೆ ನೋಡಿದ. ನೆಂಟರ ಏಳು ಕಾರುಗಳು ಸಾಲಾಗಿ ಬರುತ್ತಿದ್ದವು.

"ಯಾಕವ್ವಾ ಅಳೋದು ನಿಲ್ಲಿಸ್ಬಿಟ್ಟೆ?" ಪೆಂಗ್ ಅತ್ತೆ ಕೇಳಿದಳು.

"ಗಂಟಲು ಒಣಗೈತೆ ಅವಳಿಗೆ," ಎಂದ ಚಾಂಗ್‌ಶುನ್.

ಸೇತುವೆ ಮುಗಿದು ಕಾರು ಸುರಂಗ ಹೊಕ್ಕಿತು. ಆ ಮಬ್ಬಿನಲ್ಲಿ ಅವನು ತಂಗಿಯ ಅಂಗಿಯ ತೋಳನ್ನು ನೋವಾಗದ ಹಾಗೆ ಕೆಳಗೆಳೆದು, ಒಂದೊಂದಾಗಿ ಗುಂಡಿ ಹಾಕತೊಡಗಿದ.