ಹೆಬ್ಬೆರಳಿನ ಯಂತ್ರಕ್ಕೆ ಪೂಜೆ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾಲ್ಕು ಮಗ್ಗಗಳು ಬೆಳಗಿನಿಂದ ಸಂಜೆಯವರೆಗೆ ಲಟಪಟ ಎನ್ನುತ್ತವೆ. ಆ ಸದ್ದಿನಲ್ಲೇ ಬೆಳೆದ ನನ್ನನ್ನು ಸೋಂಪುರದ ಕಾರ್ಖಾನೆಯೊಂದರ ಆಫೀಸಿನಲ್ಲಿ, ಎದೆಮಟ್ಟದ ಮೂರು ಹಲಗೆಗಳ ನಡುವೆ ಕೂರಿಸಿದ್ದಾರೆ. ಇಲ್ಲಿ ಕೆಮ್ಮಿದರೂ ಹದಿನೈದು ತಲೆಗಳು ಎದ್ದು ನೋಡುತ್ತವೆ. ಕೂತಲ್ಲಿ ಕೂರಲಾಗದೆ ನನ್ನ ಕಾಲು ತಾನಾಗಿಯೇ ಕುಣಿಯುತ್ತದೆ. "ಯೋಗಾನಂದ, ಮಗ್ಗ ನಿಲ್ಸಪ್ಪಾ, ನನ್ ಟೇಬಲ್ಲು ಅಲ್ಲಾಡ್ತಿದೆ" ಎನ್ನುತ್ತಾಳೆ ಹಲಗೆಯಾಚೆಯ ಪವಿತ್ರ. ನಗುತ್ತ ಐದು ನಿಮಿಷ ಕಳೆಯುತ್ತದೆ. ಉಳಿದ ಎಂಟು ಗಂಟೆ ಕಳೆಯುವುದಿಲ್ಲ.

ಆಯುಧಪೂಜೆಯ ರಜೆ ಮುಗಿಸಿ ಬಂದ ದಿನ ನನ್ನ ಪ್ರೊಬೇಷನ್ನಿನ ಕೊನೆಯ ದಿನ. ಅದಕ್ಕೂ ಮುಂಚೆ ಎರಡು ಸಲ ಬಸ್ಸು ಕೈಕೊಟ್ಟು ತಡವಾಗಿ ಬಂದಿದ್ದೆ. ಮೂರನೆಯ ಸಲವೂ ಆದರೆ ಪರ್ಮನೆಂಟ್ ಆಗುವುದು ಆರು ತಿಂಗಳು ಮುಂದಕ್ಕೆ ಹೋಗುತ್ತಿತ್ತು. ಅಮ್ಮನೋ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಒಂದು ಬಸ್ಸು ಮೊದಲೇ ಹತ್ತಿ, ಒಂಬತ್ತಕ್ಕೆ ಹತ್ತು ನಿಮಿಷವಿರುವಾಗಲೇ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಿದೆ. ಕೆಂಪು ದೀಪ ಬಂತು. ಮತ್ತೆ ಒತ್ತಿದೆ. ಮತ್ತೆ ಕೆಂಪು.

ಬೆರಳಿಡುವ ಗಾಜಿನ ಮೇಲೆ ಗಂಧ, ಅದರ ಮೇಲೆ ಕುಂಕುಮ, ಎರಡೂ ಒಣಗಿ ಗಟ್ಟಿಯಾಗಿದ್ದವು. ರಜೆಯ ಹಿಂದಿನ ದಿನ ಆಫೀಸಿನ ಪೂಜೆಯಲ್ಲಿ ಇಟ್ಟವನು ನಾನೇ. ಮನೆಯ ಮಗ್ಗಕ್ಕೆ ಇಡುವ ಹಾಗೆ ಧಾರಾಳವಾಗಿ ಇಟ್ಟಿದ್ದೆ.

ಹಿಂದೆ ಸಾಲು ಬೆಳೆಯಿತು. ನಾನು ಕರ್ಚೀಫು ತೆಗೆದೆ.

"ಪೂಜೆ ಮಾಡಿರೋದನ್ನ ಒರೆಸ್ತಾರಾ ಗುರು?" ಎಂದಳು ಪವಿತ್ರ.

ನನ್ನ ಕೈ ಅಲ್ಲೇ ನಿಂತಿತು. ಒಂಬತ್ತಾಯಿತು, ಒಂಬತ್ತೂ ಐದಾಯಿತು. ಅಳುವುದೊಂದು ಬಾಕಿ.

ಅಷ್ಟರಲ್ಲಿ ಮ್ಯಾನೇಜರ್ ಚಲಪತಿ ಬಂದು ಬೆರಳೊತ್ತಿದರು. ಅವರಿಗೂ ಕೆಂಪು.

"ಯಾರ್ರೀ ಇದಕ್ಕೆ ಮೆತ್ತಿದ್ದು?"

"ನಾನೇ ಸಾರ್."

ಅವರು ನನ್ನನ್ನೂ ಯಂತ್ರವನ್ನೂ ನೋಡಿದರು. "ಅದಕ್ಕೂ ಒಂಚೂರು ಇಡಪ್ಪಾ ಅಂದೋನು ನಾನೇ ಅಲ್ವಾ" ಎಂದು ಗೊಣಗಿ, ಹಳೆಯ ಹಾಜರಿ ಪುಸ್ತಕ ತರಿಸಿದರು. ಎಲ್ಲರ ಹೆಸರಿನ ಮುಂದೆಯೂ ಒಂಬತ್ತು ಗಂಟೆ ಎಂದು ತಾವೇ ಬರೆದರು, ಮೊದಲು ತಮ್ಮದು.

ಸಂಜೆ ಪರ್ಮನೆಂಟ್ ಪತ್ರ ಕೈಗೆ ಬಂತು. ಅಮ್ಮನಿಗೆ ಫೋನ್ ಮಾಡಿ ಬಂದು, ಕೂತು ಪೂರ್ತಿ ಓದಿದೆ. ನಿವೃತ್ತಿಯ ವಯಸ್ಸು ಐವತ್ತೆಂಟು ಎಂದಿತ್ತು. ನನಗೀಗ ಇಪ್ಪತ್ತಾರು. ಮೂರು ಹಲಗೆಗಳನ್ನೂ ಒಂದೊಂದಾಗಿ ನೋಡಿದೆ. ಬೆಳಗ್ಗೆ ಆಗದಷ್ಟು ಭಯ ಈಗ ಆಯಿತು. ಕಾಲು ಕುಣಿಯತೊಡಗಿತು.

"ಇನ್ನೂ ಮೂವತ್ತೆರಡು ವರ್ಷ ಇಲ್ಲೇ ಕಣೇ" ಎಂದೆ.

ಹಲಗೆಯಾಚೆಯಿಂದ ಪವಿತ್ರ ತಲೆ ಎತ್ತಿ ನೋಡಿದಳು.

"ಹಾಗಾದ್ರೆ ಮೆಲ್ಲಗೆ ಓಡ್ಸು ಕಣೋ ಮಗ್ಗಾನ" ಎಂದಳು.