ಸಾಲಿ ಬಿಟ್ಟಿತೇನು

ಕಾಶಿನಾಥ ತೀರಿಕೊಂಡ ಮೇಲೆ ಅವನ ಸ್ಪೀಕರನ್ನು ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ. ದಸರಾ ರಜೆ ಮುಗಿದ ಮೇಲಿನ ಮೊದಲ ಶನಿವಾರ ಅವನ ಅಕ್ಕ ವಿಜಯಲಕ್ಷ್ಮಿ ಅದರ ಧೂಳು ಒರೆಸಿ, ಊಟದ ಡಬ್ಬಿಯ ಜೊತೆ ಚೀಲದಲ್ಲಿ ಹಾಕಿಕೊಂಡು, ಕೊಪ್ಪಳದ ಸ್ಟ್ಯಾಂಡಿನಲ್ಲಿ ಯಲಬುರ್ಗಾದ ಬಸ್ಸು ಹತ್ತಿದಳು. ಯಲಬುರ್ಗಾದ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಆಕೆ ನಾಲ್ಕನೇ ತರಗತಿಗೆ ಪಾಠ ಹೇಳುತ್ತಿದ್ದಳು.

ಕಾಶಿನಾಥ ಕಂಪನಿ ನಾಟಕಕ್ಕೆ ಹಾರ್ಮೋನಿಯಂ ಪೇಟಿ ನುಡಿಸುವವನು. ಊರೂರು ಕ್ಯಾಂಪು ತಿರುಗುವಾಗ ಫೋನಿನಲ್ಲಿ ಏನೇನೋ ಕೇಳುತ್ತ, ಹೇಗೋ ಪರದೇಶದ ಹಾಡುನಾಟಕ ಒಪೆರಾದ ಹುಚ್ಚು ಹಿಡಿಸಿಕೊಂಡಿದ್ದ. ಊರಿಗೆ ಬಂದಾಗಲೆಲ್ಲ ಅಕ್ಕನನ್ನು ಅಡುಗೆಮನೆಯಿಂದ ಎಳೆದು ತಂದು ಕೂರಿಸುವನು. "ಇದು ನಮ್ಮ ದೊಡ್ಡಾಟದ ಬಳಗಾನ ನೋಡಕ್ಕಾ. ವೇಷ ಬ್ಯಾರೆ, ಭಾಷಾ ಬ್ಯಾರೆ. ಆದ್ರ ಸಿಟ್ಟು ಬಂದ್ರೂ ಹಾಡೇ, ಕದಾ ಬಡದ್ರೂ ಹಾಡೇ. ನಿನ್ನ ಸಾಲಿಗೆ ಒಂದಿನ ಬರ್ತೀನಿ. ಇದನ್ನ ಮೊದಲ ಸಣ್ಣ ಹುಡುಗರಿಗೆ ಕೇಳಸ್ಬೇಕು."

"ಹುಡುಗರು ನಗತಾವಲೇ."

"ನಗಲಿ ಬಿಡು. ನಕ್ಕಾದ ಮ್ಯಾಲ ಕೇಳತಾವ."

ಶ್ರಾವಣದಲ್ಲಿ ಅವನಿಗೆ ಕಾಮಣಿ ಆಗಿ ಕಣ್ಣು, ಮೈ ಹಳದಿಯಾದವು. ಮೊದಲು ನಾಟಿ ಔಷಧ, ಆಮೇಲೆ ಆಸ್ಪತ್ರೆ. ಮಾಡುವುದನ್ನೆಲ್ಲ ಮಾಡಿದರು, ಉಳಿಯಲಿಲ್ಲ. ಆಸ್ಪತ್ರೆಯಿಂದ ಹಿಡಿದು ದಿನಕರ್ಮದ ತನಕ ಎಲ್ಲವನ್ನೂ ನಿಂತು ಮಾಡಿಸಿದವಳು ವಿಜಯಲಕ್ಷ್ಮಿ. ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಗಟ್ಟಿ ಹೆಂಗಸು ಎಂದರು ಮಂದಿ. ಗಟ್ಟಿಯಲ್ಲ, ಅಳು ಎಲ್ಲೋ ದಾರಿ ತಪ್ಪಿ ನಿಂತಿದೆ ಎಂದು ಆಕೆಗೆ ಮಾತ್ರ ಗೊತ್ತಿತ್ತು. ಅವನು ಆಡಿಹೋದ ಮಾತುಗಳಲ್ಲಿ ತನ್ನ ಕೈಯಿಂದ ಆಗುವಂಥದ್ದು ಸಾಲಿಯ ಹುಡುಗರದೊಂದೇ ಎನಿಸಿ, ಅಂದು ಸ್ಪೀಕರು ಹೊತ್ತುಕೊಂಡು ಹೊರಟಿದ್ದಳು.

ಹುಡುಗರು ನಕ್ಕರು. ಸ್ಪೀಕರಿನಲ್ಲಿ ಪರದೇಶದ ಹೆಂಗಸೊಬ್ಬಳು ದನಿ ಏರಿಸುತ್ತಿದ್ದಂತೆ ಒಬ್ಬ ಕಿವಿ ಮುಚ್ಚಿಕೊಂಡ, ಇನ್ನೊಬ್ಬ ಬೆಂಚಿನ ಕೆಳಗೆ ಹೋದ. ಹನುಮೇಶ ಎಂಬ ಕಿಡಿಗೇಡಿ ಎದ್ದು ನಿಂತು ಹಾಗೇ ಚೀರಿ ತೋರಿಸಿದ. ಹೆಡ್ ಮಾಸ್ತರ್ ಹುಚ್ಚೀರಪ್ಪನವರು ಚಪ್ಪಲಿ ಸಹ ಹಾಕಿಕೊಳ್ಳದೆ ಓಡಿಬಂದು, "ಯಾಕ್ರಿ ಅಕ್ಕೋರ, ಯಾರರ ಬಿದ್ರೇನು?" ಎಂದರು.

ನಗು ಇಳಿದ ಮೇಲೆ ವಿಜಯಲಕ್ಷ್ಮಿ ಕತೆ ಹೇಳಿದಳು. ಸಮುದ್ರದ ದಂಡೆಯ ಊರು. ಮೀನುಗಾರ ಹಡಗಿನ ಮೇಲೆ ಹೋಗಿದ್ದಾನೆ. ಮನೆಯಲ್ಲಿ ಹೆಂಡತಿಗೆ ಜಡ್ಡು. ಹಡಗು ಕಾಣುತ್ತದೆ, ಆದರೆ ದಂಡೆಗೆ ಬರುವುದರೊಳಗೆ ಆಕೆಯ ಜೀವ ಹೋಗುತ್ತದೆ. ಈಗ ಕೇಳಿದ್ದು ಆಕೆಯ ಕಡೆಯ ಹಾಡು.

"ಸಾಯೋ ಮಂದಿ ಹಾಡತಾರೇನ್ರಿ ಅಕ್ಕೋರ?" ಎಂದ ಹನುಮೇಶ. ಕ್ಲಾಸೆಲ್ಲ ಮತ್ತೆ ಹೋ ಎಂದಿತು.

ವಿಜಯಲಕ್ಷ್ಮಿ ಸ್ಪೀಕರಿನ ಕಡೆ ನೋಡಿದಳು. ಅಷ್ಟು ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡು ತಿರುಗಿದ ತಮ್ಮ ಕೊನೆಗೆ ಅಂದದ್ದು "ಫ್ಯಾನ್ ಬಂದ್ ಮಾಡಕ್ಕಾ, ಚಳಿ" ಎಂದಷ್ಟೇ.

"ಹಾಡಂಗಿಲ್ಲ. ಕೆಮ್ಮತಾರ."

ಹೇಳಿದವಳು ಹಸೀಬಾ. ಗಾದಿ ಮಾಡುವ ಅಸ್ಲಮನ ಮಗಳು. ಹೋದ ವರ್ಷ, ಮೂರನೇತ್ತೆ ತರಗತಿಯಲ್ಲಿದ್ದಾಗ, ಆಕೆಯ ತಾಯಿ ಗೌಸಬೀ ತೀರಿಕೊಂಡಿದ್ದಳು. ಮನೆಯಲ್ಲೇ ಹತ್ತಿ ಹಿಂಜುವ ಮಷಿನ್ನು. ವರ್ಷಗಟ್ಟಲೆ ಆ ಧೂಳು ಕುಡಿದು ಎದೆ ಹೋಗಿತ್ತು ಎಂದು ಓಣಿಯವರು ಹೇಳುತ್ತಿದ್ದರು. ಅಂದಿನಿಂದ ಹುಡುಗಿ ಹಾಜರಿ ಕೂಗಿದರೂ ಕೈ ಎತ್ತುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಅವಳ ದನಿ ಕೇಳಿ ಹುಡುಗರ ತಲೆಗಳೆಲ್ಲ ಆ ಕಡೆ ಹೊರಳಿದವು. ಹನುಮೇಶ ಮೆಲ್ಲಗೆ ಕೂತುಬಿಟ್ಟ.

ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಹಸೀಬಾ ಮೇಜಿನ ಹತ್ತಿರ ಬಂದು ನಿಂತಳು. "ಇನ್ನೊಮ್ಮೆ ಹಚ್ಚರಿ."

ವಿಜಯಲಕ್ಷ್ಮಿ ಹಚ್ಚಿದಳು. ಇಬ್ಬರೂ ಪೂರಾ ಕೇಳಿದರು.

ಮುಂದಿನ ಶನಿವಾರಗಳಲ್ಲಿ ಆಟ ಸುರುವಾಯಿತು. ಶನಿವಾರ ನಾಲ್ಕನೇತ್ತೆಯಲ್ಲಿ ಮಾತಾಡುವಂತಿಲ್ಲ, ಹೇಳುವುದಿದ್ದರೆ ಹಾಡಬೇಕು. "ಅಕ್ಕೋ...ರ, ನೀರ ಕುಡ್ಯಾಕ ಹೋಗ್ಲ್ಯಾ..." ಎಂದು ಮುನವ್ವರ ಎದ್ದು ನಿಂತು ರಾಗ ಎಳೆದರೆ, ಹಾಡುವ ದನಿಯಿಲ್ಲದ ವಿಜಯಲಕ್ಷ್ಮಿಯೂ "ಹೋ...ಗು, ಲಗೂ ಬಾ..." ಎನ್ನಲೇಬೇಕು. ಅನುಸೂಯಾ ಪೆನ್ಸಿಲ್ ಕದ್ದವರ ಮೇಲೆ ಹಾಡಿನಲ್ಲೇ ಜಗಳ ತೆಗೆದಳು. ಬಿಸಿಯೂಟದ ಅಡುಗೆಯಾಕೆ ಬಂದು, "ಸಾರು ಉಪ್ಪಾದ್ರ ಅದನ್ನೂ ಹಾಡಿ ಹೇಳತಾವ್ರಿ ಇವು, ಮಾನಾ ಹೋಗಾಕತ್ತೈತಿ" ಎಂದು ನಕ್ಕಳು. ಒಪೆರಾ ಎನ್ನುವುದು ಅವರ ಬಾಯಲ್ಲಿ ಅಪ್ರಾ ಆಯಿತು. ತಮ್ಮದೂ ಒಂದು ಅಪ್ರಾ ಆಗಬೇಕು, ಪಾಲಕರ ಸಭೆಯ ದಿನ ಆಡಬೇಕು ಎಂದು ಹಟ ಹಿಡಿದರು.

"ಕತಿ ಯಾವುದು?" ಎಂದಳು ವಿಜಯಲಕ್ಷ್ಮಿ.

ರಾಜನದು, ಹುಲಿಯದು ಎಂದು ಗದ್ದಲವೆದ್ದಿತು. ಗದ್ದಲದ ನಡುವೆ ಹಸೀಬಾ, "ಗಾದಿ ಮಾಡೋನ ಹೇಣ್ತಿದು" ಎಂದಳು. "ಆಕಿ ನಾ ಆಗತೀನಿ."

ಮನೆಯವರನ್ನು ಕೇಳದೆ ವಿಜಯಲಕ್ಷ್ಮಿ ಹೂಂ ಎನ್ನಲಿಲ್ಲ. ಸಂಜೆ ಅವರ ಮನೆಗೇ ಹೋದಳು. ಅಸ್ಲಮ ಕುಕನೂರಿಗೆ ಗಾದಿ ಹೊಲಿಯಲು ಹೋಗಿದ್ದ. ಅವನ ತಾಯಿ ಇಮಾಮಬೀ ಎಲ್ಲ ಕೇಳಿಸಿಕೊಂಡು, "ಹಾಡಲಿ ಬಿಡ್ರಿ ಅಕ್ಕೋರ. ವರ್ಷ ಆತು, ಮನ್ಯಾಗ ಬಾಯಿ ಬಿಡವಲ್ಲದು" ಎಂದಳು. ಸಾಲಿಯಲ್ಲಿ ನಾಟಕ, ಅದಕ್ಕೊಂದು ಗಾದಿ ಬೇಕು ಎಂಬುದಷ್ಟೇ ಅಸ್ಲಮನಿಗೆ ಗೊತ್ತಾದದ್ದು.

ಹಾಡನ್ನು ಹಸೀಬಾ ತಾನೇ ಕಟ್ಟಿದಳು. ದಿನಕ್ಕೊಂದು ಸಾಲು ಬಾಯಲ್ಲಿ ತರುವಳು. ಒಮ್ಮೊಮ್ಮೆ ಬರಿಗೈಯಲ್ಲಿ ಬಂದು ಕಿಟಕಿ ನೋಡುತ್ತ ಕೂರುವಳು. ಕಡೆಗೆ ಅದು ಹೀಗಾಯಿತು:

ಹಿಂಜಿದ ಹತ್ತಿ ಗಾಳಿಗಿ ಹಾರತೈತಿ, ಕದಾ ಮುಚ್ಚರಿ
ಅತ್ತೀ ಕಣ್ಣು ಕಾಣಂಗಿಲ್ಲ, ಸೂಜಿ ಪೋಣಿಸಿಡರಿ
ಒಲಿ ಮ್ಯಾಲ ಹಾಲೈತಿ, ಬೆಕ್ಕು ಬರತೈತಿ ನೋಡರಿ
ಸಾಲಿ ಬಿಟ್ಟಿತೇನು, ಹಸೀಬಾ ಬಂದಳೇನು

ಕಡೆಯ ಸಾಲು ಕೇಳಿದ ದಿನ ವಿಜಯಲಕ್ಷ್ಮಿ ಆಕೆಯನ್ನು ಹತ್ತಿರ ಕೂರಿಸಿಕೊಂಡು, "ನಿಮ್ಮವ್ವ ಹಿಂಗ ಕೇಳಿದ್ಲೇನು?" ಎಂದಳು.

"ಇಲ್ಲರಿ. ಅವ್ವ ಏನೂ ಅನಲಿಲ್ಲಂತ. ಅಪ್ಪ ಹೇಳ್ಯಾನ. ನಾ ಸಾಲ್ಯಾಗ ಇದ್ದೆ."

"ಮತ್ತ?"

"ಹಾಡಿನ್ಯಾಗ ಅನಬಹುದಲ್ರಿ?" ಎಂದಳು ಹುಡುಗಿ, ತಪ್ಪೇನಾದರೂ ಆಯಿತೇ ಎಂಬಂತೆ ಮುಖ ನೋಡುತ್ತ.

ಪಾಲಕರ ಸಭೆಯ ಮಧ್ಯಾಹ್ನ ಬೇವಿನ ಗಿಡದ ನೆರಳಿಗೆ ಜಮಖಾನೆ ಹಾಸಿದರು. ಗುಬ್ಬಚ್ಚಿ ಬಣ್ಣದ ಹೊಸ ಗಾದಿಯೊಂದನ್ನು ಅಸ್ಲಮ ಹೆಗಲ ಮೇಲೆ ಹೊತ್ತು ತಂದು ತಾನೇ ಹಾಸಿಕೊಟ್ಟ. ಕೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆಗಳಿದ್ದವು. ಮಗಳ ನಾಟಕವೆಂದು ಮುಂದೆಯೇ ಕೂತ. ಡಾಕ್ಟರ್ ಆಗಿದ್ದ ಹನುಮೇಶ "ಗುಳಿಗಿ ನುಂಗವ್ವಾ, ಎರಡ ನುಂಗವ್ವಾ" ಎಂದು ಕುಣಿಯುತ್ತ ಹಾಡಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ಆಮೇಲೆ ಹಸೀಬಾ ಅಜ್ಜಿಯ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಬಂದು ಆ ಗಾದಿಯ ಮೇಲೆ ಮಲಗಿದಳು. ಅವನ ನಗು ಅಲ್ಲಿಗೇ ನಿಂತಿತು.

ಆಕೆ ಕೆಮ್ಮಲಿಲ್ಲ. ನೆಟ್ಟಗೆ ಮೇಲೆ ಬೇವಿನ ಟೊಂಗೆ ನೋಡುತ್ತ ಹಾಡಿದಳು. ದನಿ ಸಣ್ಣದು, ಅಲ್ಲಲ್ಲಿ ಒಡೆಯುತ್ತಿತ್ತು, ಆದರೆ ಒಂದಕ್ಷರವೂ ತಪ್ಪಲಿಲ್ಲ. ತಾಯಂದಿರು ಸೆರಗು ಬಾಯಿಗಿಟ್ಟುಕೊಂಡರು. ಸಾಲಿ ಬಿಟ್ಟಿತೇನು ಎಂಬ ಸಾಲು ಬಂದಾಗ ಅಸ್ಲಮ ಎದ್ದು ನಿಂತ. ಏನೋ ಹೇಳಲು ಬಾಯಿ ತೆರೆದ. ಬಂದಳೇನು ಎಂದಾಗ ತಿರುಗಿ, ಮಂದಿಯನ್ನು ಸರಿಸುತ್ತ, ನೀರಿನ ಟಾಕಿಯ ಹಿಂದೆ ಹೋಗಿಬಿಟ್ಟ.

ಚಪ್ಪಾಳೆ ನಡೆದಿರುವಾಗಲೇ ವಿಜಯಲಕ್ಷ್ಮಿ ಅವನ ಹಿಂದೆ ಹೋದಳು. ಅವನು ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

"ಆಕಿಗೆ ಯಾರು ಹೇಳಿದ್ರು ಅಕ್ಕೋರ?"

"ಏನನ್ನ?"

"ಆ ಕಡೀ ಮಾತು."

"ಯಾರೂ ಹೇಳಿಲ್ಲ ಅಸ್ಲಮ. ಆಕೀನ ಕಟ್ಯಾಳ."

ಅವನು ತಿರುಗಿದ. "ಖರೇನ ಹಂಗ ಕೇಳಿದ್ಲರಿ. ಸಾಲಿ ಬಿಟ್ಟಿತೇನು, ಹಸೀಬಾ ಬಂದಳೇನು ಅಂತ. ಮತ್ತ ಮತ್ತ ಕೇಳಿದ್ಲು. ಸಾಲಿ ಬಿಡಾಕ ಇನ್ನಾ ಹೊತ್ತಿತ್ತು. ಬಿಟ್ಟೈತಿ, ಬರಾಕತ್ಯಾಳ ಅಂದೆ. ಅವ್ವ ಡಾಕ್ಟರನ್ನ ಕರಿಯಾಕ ಹೋಗಿದ್ಲು, ಮನ್ಯಾಗ ಬ್ಯಾರೆ ಯಾರೂ ಇರಲಿಲ್ಲ. ತಲಿ ನನ್ನ ತೊಡಿ ಮ್ಯಾಲಿತ್ತು. ಇಳಿಸಿ ಎದ್ದು ಬರಾಕ ಮನಸ್ಸಾಗಲಿಲ್ಲರಿ. ಬಾಗಲಾ ನೋಡಿಕೋತ ಹ್ವಾದ್ಲು."

"ಮತ್ತ ಮಗಳಿಗೆ ಏನೂ ಅನಲಿಲ್ಲಂತ ಯಾಕ ಹೇಳಿದಿ?"

"ಹೇಳಿದ್ರ, ನಾ ಯಾಕ ಸಾಲಿಗೆ ಹ್ವಾದ್ನಿ ಅಂತಾಳಲ್ರಿ ಈಕಿ? ಆಮ್ಯಾಲ ಈ ಕಡೆ ಕಾಲಿಡತಿರಲಿಲ್ಲ. ಆಕಿ ಆಶಾ ಒಂದ ಇತ್ತು, ಮಗಳು ಕಲೀಲಿ ಅಂತ." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಈಗ ಹೇಳಲ್ಯಾ? ನೀವ ಹೇಳ್ರಿ."

ಪುಸ್ತಕದಲ್ಲಿ, ಟ್ರೇನಿಂಗಿನಲ್ಲಿ ಯಾರೂ ವಿಜಯಲಕ್ಷ್ಮಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ತನ್ನನ್ನೇ ಕೇಳಿಕೊಂಡಳು. ಫ್ಯಾನಿನ ಮಾತಿನ ಬದಲು ಕಾಶಿನಾಥ ಅಕ್ಕನ ಬಗ್ಗೆ ಒಂದು ಮಾತು ಆಡಿದ್ದರೆ, ಅದನ್ನು ಯಾರೋ ಮುಚ್ಚಿಟ್ಟಿದ್ದರೆ?

"ಹೇಳು," ಎಂದಳು.

ಮಂದಿ ಚಹಾದ ಕಡೆ ಸರಿದ ಮೇಲೆ ಅವನು ಹೇಳಿದ. ಗಾದಿಯ ಅಂಚಿಗೆ ಕೂತು, ಮಗಳ ಎರಡೂ ಕೈ ಹಿಡಿದುಕೊಂಡು. ದೂರ ನಿಂತ ವಿಜಯಲಕ್ಷ್ಮಿಗೆ ಮಾತು ಕೇಳಿಸಲಿಲ್ಲ. ಹಸೀಬಾ ಮೊದಲು ಸಾಲಿಯ ಗೇಟು ನೋಡಿದಳು. ಆಮೇಲೆ ಕೈ ಬಿಡಿಸಿಕೊಂಡು ಅಪ್ಪನ ಎದೆಗೆ ಮುಷ್ಟಿಯಿಂದ ಗುದ್ದತೊಡಗಿದಳು. "ನನ್ನ ಯಾಕ ಕರೀಲಿಲ್ಲ? ಇಲ್ಲೇ ಇದ್ನಲ್ಲಾ! ಇಲ್ಲೇ ಇದ್ನಿ!" ಅವನು ತಡೆಯಲಿಲ್ಲ. ಚಹಾದ ಕಪ್ಪು ಹಿಡಿದ ಮಂದಿ ಹಾಗೇ ನಿಂತರು. ಗುದ್ದಿ ಗುದ್ದಿ ಸಾಕಾಗಿ ಅವನ ಮಡಿಲಲ್ಲೇ ಬಿದ್ದು ಅತ್ತಳು. ಒಂದು ವರ್ಷದ ಅಳು ಅದು. ಹೊರಡುವಾಗ ಅವನು ಗಾದಿ ಸುತ್ತಿ ಹೆಗಲಿಗೇರಿಸಿ ಇನ್ನೊಂದು ಕೈ ಚಾಚಿದ. ಆಕೆ ಹಿಡಿಯಲಿಲ್ಲ. ಸ್ವಲ್ಪ ಹಿಂದೆ ಹಿಂದೆ ನಡೆದಳು.

ಸಂಜೆಯ ಬಸ್ಸಿನಲ್ಲಿ, ಕುಕನೂರು ದಾಟಿದ ಮೇಲೆ, ವಿಜಯಲಕ್ಷ್ಮಿಗೆ ಅಳು ಬಂತು. ಎರೆಹೊಲದ ಮೇಲೆ ಹೊತ್ತು ಇಳಿಯುತ್ತಿತ್ತು, ಬಸ್ಸು ತುಂಬಿತ್ತು. ಮುಖ ಮುಚ್ಚಿಕೊಳ್ಳಲೂ ಆಗದ ಹಾಗೆ ಬಂತು. ಪಕ್ಕದಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ, "ಯಾರು ಹ್ವಾದ್ರವ್ವಾ?" ಎಂದಳು.

"ತಮ್ಮ."

"ಅಯ್ಯ ಶಿವನ. ಯಾವಾಗ?"

"ಶ್ರಾವಣದಾಗ."

ಇಷ್ಟು ತಿಂಗಳ ಮೇಲೆ ಈಗೇಕೆ ಎಂದು ಮುದುಕಿ ಕೇಳಲಿಲ್ಲ. ಬುಟ್ಟಿಯನ್ನು ಕಾಲ ಕೆಳಗೆ ಇಳಿಸಿ, ಇನ್ನಷ್ಟು ಸರಿದು, ಬೆನ್ನ ಮೇಲೆ ಕೈಯಿಟ್ಟಳು. ಕೊಪ್ಪಳ ಬರುವ ತನಕ ಆ ಕೈ ಅಲ್ಲೇ ಇತ್ತು.

ಹಸೀಬಾ ಆ ವಾರ ಸಾಲಿಗೆ ಬರಲಿಲ್ಲ. ಅನ್ನ ಬಿಟ್ಟು ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಾಳೆಂದು ಇಮಾಮಬೀ ಹೇಳಿಕಳಿಸಿದಳು. ಹೇಳು ಎಂದು ಹೇಳಿದವಳು ನಾನೇ ಎಂದು ವಿಜಯಲಕ್ಷ್ಮಿ ತನ್ನನ್ನೇ ಬೈದುಕೊಂಡಳು. ಅಸ್ಲಮನ ಭಯವೇ ನಿಜವಾಯಿತು, ಇನ್ನು ಈ ಹುಡುಗಿ ಸಾಲಿಗೆ ಬರುವುದಿಲ್ಲ ಎಂದುಕೊಂಡಳು. ಆದರೆ ಮುಂದಿನ ಸೋಮವಾರ ಪ್ರಾರ್ಥನೆಯ ಸಾಲಿನಲ್ಲಿ ಆಕೆ ನಿಂತಿದ್ದಳು. ಸೊರಗಿದ್ದಳು. ಜಡೆ ಒಂದು ಮೇಲೆ ಒಂದು ಕೆಳಗೆ ಇತ್ತು. ಅಪ್ಪನೇ ಹಾಕಿರಬೇಕು.

ಅಪ್ರಾ ನೋಡಿದವರೆಲ್ಲ ಹೊಗಳಿದ್ದರಿಂದ ಹೆಡ್ ಮಾಸ್ತರಿಗೆ ಹುರುಪು ಬಂದಿತ್ತು. ಕೊಪ್ಪಳದಲ್ಲಿ ಜಿಲ್ಲೆಯ ಸಾಲಿಗಳ ಸ್ಪರ್ಧೆ ಇದೆ, ಇದನ್ನೇ ಒಯ್ಯೋಣ ಎಂದರು. ವಿಜಯಲಕ್ಷ್ಮಿ ಹಸೀಬಾಳನ್ನು ಕರೆದು ಕೇಳಿದಳು.

"ಆ ಹಾಡು ನಾ ಇನ್ನ ಹಾಡಂಗಿಲ್ಲರಿ."

"ಯಾಕವ್ವಾ?"

"ಮೊದಲ ನಂದಿತ್ತು. ಈಗ ಅದು ಅವ್ವಂದು."

ಬೇರೆ ಹುಡುಗಿಗೆ ಕಲಿಸಿದರಾಯಿತು ಎಂದರು ಹುಚ್ಚೀರಪ್ಪನವರು. ಆಗೋದಿಲ್ಲರಿ ಸರ್ ಎಂದಳು ವಿಜಯಲಕ್ಷ್ಮಿ. ಅವರು ಒಂದೆರಡು ದಿನ ಮುಖ ಊದಿಸಿಕೊಂಡು, ಆಮೇಲೆ ಮರೆತರು. ನಾಲ್ಕನೇತ್ತೆಯವರು ಕಳೆದುಹೋದ ಆಡಿನ ಮರಿಯದೊಂದು ಹೊಸ ಅಪ್ರಾ ಕಟ್ಟಿದರು. ಹನುಮೇಶನೇ ಆಡಿನ ಮರಿ. ಹಸೀಬಾ ಅದರಲ್ಲಿ ಹಾಡಲಿಲ್ಲ. ಬೆಂಚಿನ ಮೇಲೆ ಕೂತು ನೋಡಿದಳು, ಒಮ್ಮೊಮ್ಮೆ ನಕ್ಕಳು, ಹಾಜರಿಗೆ ಮಾತ್ರ ಈಗ ಬಾಯಿ ಬಿಟ್ಟು ಓ ಎನ್ನುತ್ತಿದ್ದಳು.

ಆದರೆ ಸಂಜೆಯ ಗಂಟೆ ಹೊಡೆದ ಕೂಡಲೇ ಪಾಟಿಚೀಲವನ್ನು ಎದೆಗವಚಿಕೊಂಡು ಎಲ್ಲರಿಗಿಂತ ಮೊದಲು ಗೇಟು ದಾಟುವವಳು ಆಕೆಯೇ. ನಡೆಯುತ್ತಿರಲಿಲ್ಲ, ಓಡುತ್ತಿದ್ದಳು. ಓಣಿಯ ತುದಿಯಲ್ಲಿ ಅಸ್ಲಮ ಮಷಿನ್ನು ನಿಲ್ಲಿಸಿ ಬಾಗಿಲಲ್ಲಿ ನಿಂತಿರುತ್ತಿದ್ದ. ಆಕೆ ಏದುಸಿರು ಬಿಡುತ್ತ ಅವನನ್ನು ದಾಟಿ ಒಳಗೆ ಹೋಗುತ್ತಿದ್ದಳು. ಅವನೂ ಹಿಂದೆಯೇ ಒಳಗೆ ಹೋಗುತ್ತಿದ್ದ.